ಚುಚ್ಚದೆ ತಿನ್ನಿಸುವ ಟಿಬಿ ಲಸಿಕೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಒಂದು ಮೀಸೆಯಿಂದ ಮಾತು ಶುರು ಮಾಡುತ್ತೇನೆ. ಮನುಷ್ಯರ ಮೀಸೆಯಲ್ಲ, ಕಾಡುಪ್ರಾಣಿಯ ಮೀಸೆ.

ರಾತ್ರಿ ಹೊತ್ತು ಮಾತ್ರ ಓಡಾಡುವ ಒಂದು ಪ್ರಾಣಿ ಇದೆ ಅಂದುಕೊಳ್ಳಿ. ಅದಕ್ಕೆ ಕ್ಷಯ ರೋಗದ ಲಸಿಕೆ ಕೊಡಬೇಕು. ಒಂದೊಂದನ್ನೇ ಹಿಡಿದು ಚುಚ್ಚುತ್ತಾ ಹೋದರೆ ಕೆಲಸ ಮುಗಿಯುವುದೇ ಇಲ್ಲ. ಅದಕ್ಕೆ ಲಸಿಕೆಯನ್ನು ರುಚಿಯಾದ ಒಂದು ಉಂಡೆಯೊಳಗೆ ಸೇರಿಸಿ, ಸಂಜೆ ಕಾಡಿನಲ್ಲಿ ಇಟ್ಟು ಬರುತ್ತಾರೆ. ಬೆಳಗ್ಗೆ ಹೋಗಿ ನೋಡಿದರೆ ಉಂಡೆ ಇಲ್ಲ. ಸರಿ, ಯಾರು ತಿಂದರು? ನಮ್ಮ ಪ್ರಾಣಿಯೇ ತಿಂದಿತಾ, ಇಲಿ ತಿಂದಿತಾ, ಹಕ್ಕಿ ಎತ್ತಿಕೊಂಡು ಹೋಯಿತಾ?

ಇದನ್ನು ಕಂಡುಹಿಡಿಯಲು ಉಂಡೆಗೆ ರೋಡಮಿನ್ ಬಿ ಅನ್ನುವ ಬಣ್ಣ ಬೆರೆಸುತ್ತಾರೆ. ತಿಂದ ಬಣ್ಣ ರಕ್ತಕ್ಕೆ ಸೇರುತ್ತದೆ. ಆಗ ಬೆಳೆಯುತ್ತಿರುವ ಕೂದಲಿನ ಬುಡದಲ್ಲಿ ಕೂರುತ್ತದೆ. ಕೆಲವು ವಾರ ಬಿಟ್ಟು ಆ ಪ್ರಾಣಿಯನ್ನು ಹಿಡಿದು, ಒಂದು ಮೀಸೆ ಕಿತ್ತು, ವಿಶೇಷ ಬೆಳಕಿನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಮೀಸೆಯ ನಡುವೆ ಒಂದು ಕಡೆ ಕಿತ್ತಳೆ ಬಣ್ಣದ ಪಟ್ಟಿ ಹೊಳೆಯುತ್ತದೆ. ಎರಡು ಸಲ ತಿಂದಿದ್ದರೆ ಎರಡು ಪಟ್ಟಿ. ಮೀಸೆಯೇ ಇಲ್ಲಿ ಸಾಕ್ಷಿ ಹೇಳುತ್ತದೆ.

ಮೊದಲ ಸಲ ಇದರ ಬಗ್ಗೆ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಲಸಿಕೆ ಅಂದರೆ ಕುಪ್ಪಿಯೊಳಗಿನ ದ್ರವ ಅಂತಲೇ ನಾವು ಯೋಚಿಸುತ್ತೇವೆ ಅಲ್ವಾ? ಆದರೆ ಬಾಯಿಂದ ಕೊಡುವ ಲಸಿಕೆಯಲ್ಲಿ ಆ ದ್ರವ ಅರ್ಧ ಕತೆ ಮಾತ್ರ. ಅದು ಯಾವುದರಲ್ಲಿ ಕೂತು ಹೋಗುತ್ತದೆ, ಎಲ್ಲಿಯವರೆಗೆ ಜೀವಂತ ತಲುಪುತ್ತದೆ, ಯಾರ ಹೊಟ್ಟೆ ಸೇರುತ್ತದೆ ಅನ್ನುವುದು ಉಳಿದರ್ಧ. ಇವತ್ತು ನಾನು ಹೇಳಬೇಕು ಅಂತಿರುವುದು ಜಾಸ್ತಿ ಆ ಉಳಿದರ್ಧದ ಬಗ್ಗೆ.

ಮೊದಲು ರೋಗದ ಪರಿಚಯ ಬೇಗ ಮುಗಿಸುತ್ತೇನೆ. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟಿಬಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದರು. ಅದಾಗಿ 140 ವರ್ಷ ದಾಟಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಸುಮಾರು 1 ಕೋಟಿ 8 ಲಕ್ಷ ಜನ ಟಿಬಿಗೆ ಬಿದ್ದರು, ಹನ್ನೆರಡೂವರೆ ಲಕ್ಷ ಜನ ತೀರಿಕೊಂಡರು. ಇದೇ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿ ಮೈಕೋಬ್ಯಾಕ್ಟೀರಿಯಂ ಬೋವಿಸ್. ಅದು ದನಗಳಿಗೆ ಬರುತ್ತದೆ, ಜಿಂಕೆಗೆ, ಕಾಡುಹಂದಿಗೆ, ನೆಲದೊಳಗೆ ಬಿಲ ತೋಡಿ ಬದುಕುವ ಬ್ಯಾಡ್ಜರ್‌ಗೆ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಹಾಲು ಕಾಯಿಸದೆ ಕುಡಿದಾಗ ಬರುವ ಟಿಬಿ ಹೆಚ್ಚಾಗಿ ಇದರದ್ದೇ.

ಈ ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ದಪ್ಪ ಪದರ ಇದೆ. ಅದರಿಂದಲೇ ಇದರ ಹಠ ಎಲ್ಲ. ಸಾಮಾನ್ಯ ಬಣ್ಣ ಹಿಡಿಯುವುದಿಲ್ಲ. ನೀರಿನಲ್ಲಿ ಬಿಡಿಬಿಡಿಯಾಗಿ ಕರಗದೆ ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತದೆ. ಬೆಳವಣಿಗೆಯಂತೂ ಬಲು ನಿಧಾನ. ಬೇರೆ ಹಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಎರಡಾಗುತ್ತವೆ. ಇದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಪ್ರಯೋಗಾಲಯದಲ್ಲಿ ಬಿತ್ತಿದ ಮೇಲೆ ಮೂರು ನಾಲ್ಕು ವಾರ ಕಾಯಬೇಕು. ಆಮೇಲೆ ಹೂಕೋಸಿನ ಮೇಲ್ಮೈಯ ಹಾಗೆ ಒರಟಾದ, ಒಣಒಣ ಅನಿಸುವ, ಮಾಸಲು ಹಳದಿ ಚುಕ್ಕಿಗಳು ಕಾಣುತ್ತವೆ.

ಈ ಗಂಟು ಕಟ್ಟುವ ಗುಣವೇ ಲಸಿಕೆ ಹುಟ್ಟಲು ಕಾರಣವಾಯಿತು.

ಫ್ರಾನ್ಸಿನ ಲೀಲ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಆಲ್ಬೇರ್ ಕಾಲ್ಮೆಟ್ ಮತ್ತು ಕಮೀಲ್ ಗೆರಾನ್ ಅಂತ ಇಬ್ಬರು ಇದ್ದರು. ಕಾಲ್ಮೆಟ್ ವೈದ್ಯ, ಗೆರಾನ್ ಪಶುವೈದ್ಯ. ಟಿಬಿ ರೋಗಾಣು ಹೆಚ್ಚಾಗಿ ಬಾಯಿಂದ ಒಳಗೆ ಹೋಗಿ, ಕರುಳು ದಾಟಿ, ದುಗ್ಧರಸ ಗ್ರಂಥಿಗಳ (ಲಿಂಫ್ ಗ್ರಂಥಿಗಳ) ಮೂಲಕ ಶ್ವಾಸಕೋಶ ಸೇರುತ್ತದೆ ಅಂತ ಅವರು ನಂಬಿದ್ದರು. ಪರೀಕ್ಷೆಗೆ ಅಂತ ದನಗಳಿಗೆ ರೋಗಾಣು ತಿನ್ನಿಸಬೇಕಿತ್ತು. ಆದರೆ ಅದು ಗಂಟು ಗಂಟಾಗಿ ಕೂರುತ್ತಿತ್ತು. ಗಂಟು ಬಿಡಿಸಲು ಅವರು ಎತ್ತಿನ ಪಿತ್ತರಸ ಬೆರೆಸಿದರು. ಗ್ಲಿಸರಿನ್, ಪಿತ್ತರಸ, ಆಲೂಗಡ್ಡೆಯ ಹೋಳು, ಇದರ ಮೇಲೆ ಬೆಳೆಸಿದ ರೋಗಾಣು ದಿನ ಕಳೆದಂತೆ ಸೌಮ್ಯವಾಗುತ್ತಾ ಹೋಯಿತು. ಅವರು ಇದನ್ನು ಹುಡುಕಿಕೊಂಡು ಹೋಗಿರಲಿಲ್ಲ. ಕಣ್ಣಿಗೆ ಬಿತ್ತು, ಕೈಬಿಡಲಿಲ್ಲ ಅಷ್ಟೇ.

1908ರಲ್ಲಿ ಶುರುವಾದ ಕೆಲಸ ಅದು. ಮೂರು ವಾರಕ್ಕೊಮ್ಮೆ ಹೊಸ ಆಲೂಗಡ್ಡೆ ಹೋಳಿಗೆ ವರ್ಗಾಯಿಸುವುದು. ಮತ್ತೆ ಮೂರು ವಾರ. ಮತ್ತೆ ವರ್ಗಾವಣೆ. ನಡುವೆ ಮೊದಲ ಮಹಾಯುದ್ಧ ಬಂತು, ಲೀಲ್ ನಗರ ಜರ್ಮನ್ ಸೈನ್ಯದ ವಶವಾಯಿತು. ಆಲೂಗಡ್ಡೆ ಸಿಗುವುದೇ ಕಷ್ಟವಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ಹದಿಮೂರು ವರ್ಷದಲ್ಲಿ 230 ಸಲ ವರ್ಗಾಯಿಸಿದರು. ಒಂದು ಸಲ ಮರೆತಿದ್ದರೆ? ನನಗೆ ಈ 230 ಅನ್ನುವ ಸಂಖ್ಯೆಯ ಮೇಲೆ ತುಂಬಾ ಗೌರವ. ಹೀಗೆ ಸಿಕ್ಕಿದ್ದೇ ಬಿಸಿಜಿ. ಬ್ಯಾಸಿಲಸ್, ಕಾಲ್ಮೆಟ್, ಗೆರಾನ್, ಈ ಮೂರರ ಮೊದಲಕ್ಷರ.

ಈಗ ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ನಮ್ಮ ತೋಳಿನ ಮೇಲೆ ಸಣ್ಣ ಗಾಯದ ಗುರುತು ಬಿಡುವ ಈ ಬಿಸಿಜಿ ಮೊದಲು ಚುಚ್ಚುವ ಲಸಿಕೆಯೇ ಆಗಿರಲಿಲ್ಲ. 1921ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಮಗು ಹುಟ್ಟಿತು. ಟಿಬಿ ಇದ್ದ ತಾಯಿ ಹೆರಿಗೆಯಾದ ಕೂಡಲೇ ತೀರಿಕೊಂಡಿದ್ದರು. ಮಗುವನ್ನು ನೋಡಿಕೊಳ್ಳಬೇಕಾಗಿದ್ದ ಅಜ್ಜಿಗೂ ಟಿಬಿ. ಮಗು ಉಳಿಯುವ ಭರವಸೆ ಕಡಿಮೆ. ವೈದ್ಯ ಬೆಂಜಮಿನ್ ವೇಲ್ ಆಲೆ ಆ ಮಗುವಿಗೆ ಬಿಸಿಜಿಯನ್ನು ಬಾಯಿಂದ ಕುಡಿಸಿದರು. ಮಗುವಿಗೆ ಟಿಬಿ ಬರಲಿಲ್ಲ. ಆಮೇಲೆ ಹುಟ್ಟಿದ ಹತ್ತು ದಿನದೊಳಗೆ ಮೂರು ಸಲ ಕುಡಿಸುವ ಪದ್ಧತಿ ಬಂತು. ಎಳೆ ಕರುಳು ಬ್ಯಾಕ್ಟೀರಿಯಾವನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು ಕಾಲ್ಮೆಟ್ ಅವರ ಲೆಕ್ಕಾಚಾರ.

ಆಮೇಲೆ ಲ್ಯೂಬೆಕ್ ಬಂತು.

ಜರ್ಮನಿಯ ಲ್ಯೂಬೆಕ್ ನಗರದಲ್ಲಿ 1929ರ ಕೊನೆಯಿಂದ 1930ರ ವಸಂತದವರೆಗೆ 251 ಹಸುಗೂಸುಗಳಿಗೆ ಲಸಿಕೆ ಕುಡಿಸಿದರು. ಪ್ಯಾರಿಸ್‌ನಿಂದ ಬಂದ ಬಿಸಿಜಿಯನ್ನು ಅಲ್ಲಿನ ಪ್ರಯೋಗಾಲಯದಲ್ಲೇ ಬೆಳೆಸಿ ಲಸಿಕೆ ಮಾಡಿದ್ದರು. ಅದೇ ಪ್ರಯೋಗಾಲಯದಲ್ಲಿ ನಿಜವಾದ, ಅಪಾಯಕಾರಿ ಟಿಬಿ ರೋಗಾಣುವನ್ನೂ ಬೆಳೆಸುತ್ತಿದ್ದರು. ಎರಡೂ ಎಲ್ಲೋ ಬೆರೆತವು. 72 ಮಕ್ಕಳು ಟಿಬಿಯಿಂದ ಸತ್ತರು. ಇನ್ನೂ ನೂರಕ್ಕಿಂತ ಜಾಸ್ತಿ ಮಕ್ಕಳು ಕಾಯಿಲೆ ಬಿದ್ದು ಚೇತರಿಸಿಕೊಂಡರು. ವಿಚಾರಣೆ ನಡೆಯಿತು, ಹೊಣೆಗಾರರಿಗೆ ಶಿಕ್ಷೆಯಾಯಿತು. ತಪ್ಪು ಬಿಸಿಜಿಯದ್ದಲ್ಲ, ಬೆರಕೆಯದ್ದು ಅಂತ ಸಾಬೀತಾಯಿತು.

ಆದರೆ ಮಗು ಕಳೆದುಕೊಂಡ ಮನೆಗೆ ಈ ವ್ಯತ್ಯಾಸ ಏನು ಸಮಾಧಾನ ಕೊಡುತ್ತದೆ? ಬಾಯಿಂದ ಕೊಡುವ ಟಿಬಿ ಲಸಿಕೆ ಅಂದರೆ ಜನ ಬೆಚ್ಚಿಬೀಳುವ ಹಾಗಾಯಿತು. 1927ರಲ್ಲೇ ಸ್ವೀಡನ್ನಿನ ಆರ್ವಿಡ್ ವಾಲ್‌ಗ್ರೆನ್ ಚರ್ಮದೊಳಗೆ ಚುಚ್ಚುವ ವಿಧಾನ ಶುರು ಮಾಡಿದ್ದರು. ಅದರಲ್ಲಿ ಡೋಸ್ ಲೆಕ್ಕ ಸರಿಯಾಗಿ ಸಿಗುತ್ತದೆ, ಕಡಿಮೆ ಲಸಿಕೆ ಸಾಕು. ನಿಧಾನವಾಗಿ ಜಗತ್ತು ಸೂಜಿಯ ಕಡೆ ಹೊರಳಿತು. ಬ್ರೆಜಿಲ್ ಮಾತ್ರ 1970ರ ದಶಕದವರೆಗೂ ಬಾಯಿಂದ ಕೊಡುತ್ತಲೇ ಇತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ಶ್ವಾಸಕೋಶದ ಟಿಬಿ ಮುಖ್ಯವಾಗಿ ಗಾಳಿಯಿಂದ ಹರಡುತ್ತದೆ ಅಂತ ಆಮೇಲೆ ಸ್ಪಷ್ಟವಾಯಿತು. ಅಂದರೆ ರೋಗ ಬರುವ ದಾರಿಯ ಬಗ್ಗೆ ಕಾಲ್ಮೆಟ್ ಅವರ ಅಂದಾಜು ಬಹುಪಾಲು ತಪ್ಪು. ಆದರೆ ಲಸಿಕೆ ಹೋಗಬಹುದಾದ ದಾರಿಯ ಬಗ್ಗೆ ಅವರ ಅಂದಾಜು ತಪ್ಪಾಗಿರಲಿಲ್ಲ. ಅದು ಮತ್ತೆ ಗೊತ್ತಾಗಲು ಅರ್ಧ ಶತಮಾನಕ್ಕಿಂತ ಜಾಸ್ತಿ ಬೇಕಾಯಿತು. ತೋರಿಸಿಕೊಟ್ಟವು ಪ್ರಾಣಿಗಳು.

ಕಾಡುಪ್ರಾಣಿಗೆ ಲಸಿಕೆ ತಿನ್ನಿಸಬಹುದು ಅಂತ ಮೊದಲು ಧೈರ್ಯ ಬಂದಿದ್ದು ಹುಚ್ಚುನಾಯಿ ರೋಗದಿಂದ. 1978ರಲ್ಲಿ ಸ್ವಿಟ್ಜರ್ಲೆಂಡಿನ ರೋನ್ ಕಣಿವೆಯಲ್ಲಿ ಕೋಳಿ ತಲೆಯೊಳಗೆ ರೇಬಿಸ್ ಲಸಿಕೆ ಇಟ್ಟು ನರಿಗಳಿಗೆ ಹಾಕಿದರು. ಕೆಲಸ ಆಯಿತು. ಮುಂದೆ ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ನರಿಗಳ ರೇಬಿಸ್ ಹೀಗೆ ತಿನ್ನಿಸಿಯೇ ಹೋಯಿತು. ಹಾಗಾದರೆ ಟಿಬಿಗೂ ಇದೇ ಮಾಡಬಹುದಲ್ಲ ಅಂತ ಯಾರಿಗಾದರೂ ಅನಿಸುತ್ತದೆ.

ಆದರೆ ಟಿಬಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಿಸಿಜಿ ಜೀವಂತ ಬ್ಯಾಕ್ಟೀರಿಯಾ. ಅದು ಕರುಳಿಗೆ ಜೀವಂತ ತಲುಪಿದರೆ ಮಾತ್ರ ಪ್ರಯೋಜನ. ನಡುವೆ ಹೊಟ್ಟೆ ಇದೆ, ಹೊಟ್ಟೆಯಲ್ಲಿ ಆಮ್ಲ ಇದೆ. ಬರೀ ನೀರಿನಲ್ಲಿ ಕಲಸಿ ಕುಡಿಸಿದರೆ ಬಹಳಷ್ಟು ಅಲ್ಲೇ ಸಾಯುತ್ತವೆ. ಕಾಡಿನಲ್ಲಿ ಬಿದ್ದಿರುವ ಉಂಡೆಯಲ್ಲಂತೂ ಬಿಸಿಲು, ಮಳೆ, ತೇವಕ್ಕೆ ಇನ್ನೂ ಬೇಗ ಸಾಯುತ್ತವೆ.

ಉತ್ತರ ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿ ಪಾಸಮ್ ಅನ್ನುವ ಪ್ರಾಣಿ ಇದೆ. ಬೆಕ್ಕಿನಷ್ಟು ಗಾತ್ರ, ಪೊದೆಯಂಥ ಬಾಲ, ಹೊಟ್ಟೆಯಲ್ಲಿ ಮರಿ ಇಟ್ಟುಕೊಳ್ಳುವ ಚೀಲ. ಅದು ಅಲ್ಲಿಯದ್ದಲ್ಲ. ತುಪ್ಪಳದ ವ್ಯಾಪಾರಕ್ಕೆ ಅಂತ 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟಿದ್ದು. ಅವುಗಳಿಗೆ ದನದ ಟಿಬಿ ಹತ್ತಿತು. ಅವುಗಳಿಂದ ಮತ್ತೆ ದನಗಳಿಗೆ. ಕಾಯಿಲೆ ಜೋರಾದ ಪಾಸಮ್ ಹಗಲು ಹೊತ್ತಿನಲ್ಲೇ ಹುಲ್ಲುಗಾವಲಿನಲ್ಲಿ ತೂರಾಡುತ್ತಾ ಬರುತ್ತದೆ. ಇದೇನು ಅಂತ ದನ, ಜಿಂಕೆಗಳು ಕುತೂಹಲದಿಂದ ಹತ್ತಿರ ಹೋಗಿ ಮೂಸಿ ನೋಡುತ್ತವೆ. ಅಷ್ಟು ಸಾಕು.

ಅಲ್ಲಿನ ಒಟಾಗೊ ವಿಶ್ವವಿದ್ಯಾಲಯದವರು ಬಿಸಿಜಿಯನ್ನು ತಿನ್ನಬಹುದಾದ ಕೊಬ್ಬಿನೊಳಗೆ ಹುದುಗಿಸಿದರು. ಕೇಳಲು ಎಷ್ಟು ಸರಳ ನೋಡಿ. ಬಿಸಿಜಿಯ ಮೈ ಮೇಣದಂಥದ್ದು, ಕೊಬ್ಬಿನ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಗಟ್ಟಿ ಕೊಬ್ಬಿನೊಳಗೆ ನೀರಿಲ್ಲ, ಹಾಗಾಗಿ ಬ್ಯಾಕ್ಟೀರಿಯಾ ಒಂಥರಾ ನಿದ್ದೆ ಹೋದ ಹಾಗೆ ಇರುತ್ತದೆ. ಹೊರಗೆ ಇಟ್ಟರೂ ವಾರಗಟ್ಟಲೆ ಬದುಕುತ್ತದೆ. ಹೊಟ್ಟೆಯಲ್ಲಿ ಕೊಬ್ಬು ಆಮ್ಲವನ್ನು ತಡೆಯುತ್ತದೆ. ಕರುಳಿಗೆ ಬಂದಾಗ ಕೊಬ್ಬು ಕರಗಿ ಬ್ಯಾಕ್ಟೀರಿಯಾ ಹೊರಗೆ ಬರುತ್ತದೆ. ಇದಕ್ಕೆಲ್ಲ ಮೇಲಾಗಿ, ಪ್ರಾಣಿಗಳಿಗೆ ಕೊಬ್ಬು ಇಷ್ಟ!

ಇಲಿಗಳಲ್ಲಿ ಇದನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿದರು. ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಪೇಯರ್ ಪ್ಯಾಚ್ ಅನ್ನುವ ಜಾಗಗಳಿವೆ. ಅವು ಕರುಳಿನ ಕಾವಲು ಠಾಣೆಗಳು. ಅಲ್ಲಿರುವ ಕೆಲವು ಜೀವಕೋಶಗಳು ಕರುಳಿನೊಳಗೆ ಏನು ಹೋಗುತ್ತಿದೆ ಅಂತ ಸ್ವಲ್ಪ ಸ್ವಲ್ಪ ಎತ್ತಿಕೊಂಡು ಒಳಗಿನ ರಕ್ಷಣಾ ಕೋಶಗಳಿಗೆ ತೋರಿಸುತ್ತವೆ. ಬಿಸಿಜಿ ಈ ಬಾಗಿಲಿನಿಂದ ಒಳಗೆ ಹೋಗಿ, ಕರುಳಿನ ಪಕ್ಕದ ದುಗ್ಧರಸ ಗ್ರಂಥಿಗಳಲ್ಲಿ ಮನೆ ಮಾಡುತ್ತದೆ. ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಅಲ್ಲಿ ತರಬೇತಾದ ಟಿ ಕೋಶಗಳು ಅನ್ನುವ ರಕ್ಷಣಾ ಕೋಶಗಳು ರಕ್ತದ ಮೂಲಕ ಎಲ್ಲ ಕಡೆ ಓಡಾಡುತ್ತವೆ. ಆಮೇಲೆ ಉಸಿರಿನ ಮೂಲಕ ನಿಜವಾದ ಟಿಬಿ ರೋಗಾಣು ಕೊಟ್ಟಾಗ ಶ್ವಾಸಕೋಶದಲ್ಲೂ ರಕ್ಷಣೆ ಕಾಣಿಸಿತು. ತಿಂದಿದ್ದು ಕರುಳಿಗೆ, ರಕ್ಷಣೆ ಶ್ವಾಸಕೋಶಕ್ಕೆ. ಗಿನಿಪಿಗ್‌ಗಳಲ್ಲೂ ಇದು ಕೆಲಸ ಮಾಡಿತು. ಟಿಬಿ ಮಟ್ಟಿಗೆ ಗಿನಿಪಿಗ್ ಬಹಳ ನಾಜೂಕು ಪ್ರಾಣಿ, ಕೆಲವೇ ರೋಗಾಣು ಸಾಕು ಅದಕ್ಕೆ. ಅಂಥದ್ದರಲ್ಲಿ ಕೆಲಸ ಮಾಡಿದ್ದು ಸಣ್ಣ ವಿಷಯವಲ್ಲ.

ರಕ್ಷಣೆ ಅಂದೆ. ಈ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಪತ್ರಿಕೆಯಲ್ಲಿ 'ಲಸಿಕೆಯಿಂದ ಇಲಿಗಳಿಗೆ ರಕ್ಷಣೆ' ಅಂತ ಓದಿದಾಗ ಇಲಿಗೆ ಟಿಬಿ ಬರಲೇ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದನ್ನು ಅಳೆಯುವ ರೀತಿ ಬೇರೆ. ರೋಗಾಣು ಕೊಟ್ಟು ಕೆಲವು ವಾರವಾದ ಮೇಲೆ ಶ್ವಾಸಕೋಶವನ್ನು ನುಣ್ಣಗೆ ಅರೆಯುತ್ತಾರೆ. ಅದನ್ನು ಹತ್ತು ಪಟ್ಟು ತೆಳು ಮಾಡುತ್ತಾರೆ. ಅದರಲ್ಲಿ ಸ್ವಲ್ಪ ತೆಗೆದು ಮತ್ತೆ ಹತ್ತು ಪಟ್ಟು. ಮತ್ತೆ ಹತ್ತು ಪಟ್ಟು. ಪ್ರತಿಯೊಂದನ್ನೂ ತಟ್ಟೆಗೆ ಸವರಿ, ಮೂರು ನಾಲ್ಕು ವಾರ ಕಾದು, ಎದ್ದ ಚುಕ್ಕಿಗಳನ್ನು ಎಣಿಸುತ್ತಾರೆ. ಲಸಿಕೆ ಪಡೆಯದ ಇಲಿಯಲ್ಲಿ ಹತ್ತು ಲಕ್ಷ ಇದ್ದರೆ, ಬಿಸಿಜಿ ಪಡೆದ ಇಲಿಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ. ಹತ್ತರಲ್ಲಿ ಒಂದು ಪಾಲು. ಇದನ್ನೇ 'ಒಂದು ಲಾಗ್ ಕಡಿಮೆ' ಅನ್ನುವುದು. ಇಲಿಯ ಮಟ್ಟಿಗೆ ಬಿಸಿಜಿಯ ಸಾಧನೆ ಸಾಮಾನ್ಯವಾಗಿ ಇಷ್ಟು.

ಇಷ್ಟೇನಾ ಅಂತ ಬೇಸರ ಮಾಡಿಕೊಳ್ಳಬೇಡಿ. ಒಂದು ಲಕ್ಷ ಇನ್ನೂ ಉಳಿದಿದೆ, ನಿಜ. ಆದರೆ ಒಂದು ಪ್ರಾಣಿ ಎಷ್ಟು ರೋಗಾಣುವನ್ನು ಹೊರಗೆ ಕೆಮ್ಮುತ್ತದೆ ಅನ್ನುವುದು ಅದರೊಳಗೆ ಎಷ್ಟಿದೆ, ರೋಗದಿಂದ ಅಂಗಗಳಲ್ಲಿ ಎದ್ದ ಗಂಟುಗಳು ಎಷ್ಟು ದೊಡ್ಡವು ಅನ್ನುವುದರ ಮೇಲೆ ನಿಂತಿದೆ. ಒಂದು ಪ್ರಾಣಿಯೊಳಗೆ ರೋಗ ಕುಗ್ಗಿದರೆ ಅದರ ಪಕ್ಕದ ಪ್ರಾಣಿಗೆ ಹರಡುವುದೂ ಕುಗ್ಗುತ್ತದೆ. ಹಾಗಾಗಿ ಟಿಬಿ ಲಸಿಕೆಯನ್ನು ಒಂದು ಪ್ರಾಣಿಯ ಲೆಕ್ಕದಲ್ಲಿ ತೂಗಬಾರದು, ಹಿಂಡಿನ ಲೆಕ್ಕದಲ್ಲಿ ತೂಗಬೇಕು. ನಾನು ಇದನ್ನು ಬಲವಾಗಿ ನಂಬುತ್ತೇನೆ. ಇಥಿಯೋಪಿಯಾದಲ್ಲಿ ದನಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅಲ್ಲಿ ಕೊಟ್ಟಿದ್ದು ಚುಚ್ಚುವ ಬಿಸಿಜಿ. ಆದರೆ ರೋಗ ಹರಡುವುದು ಸುಮಾರು ಶೇ. 89ರಷ್ಟು ಕಡಿಮೆಯಾಯಿತು ಅನ್ನುವುದು ಅವರ ಅಂದಾಜು.

ಪಾಸಮ್‌ಗೆ ಹಿಂತಿರುಗೋಣ. ವೆಲಿಂಗ್ಟನ್ ಹತ್ತಿರದ ಒರೊಂಗೊರೊಂಗೊ ಕಣಿವೆಯಲ್ಲಿ ಕಾಡಿನಲ್ಲೇ ಬದುಕುವ ಪಾಸಮ್‌ಗಳ ಮೇಲೆ ಎರಡು ವರ್ಷ ಅಧ್ಯಯನ ಮಾಡಿದರು. ಕೆಲವಕ್ಕೆ ಕೊಬ್ಬಿನೊಳಗಿನ ಬಿಸಿಜಿಯನ್ನು ಬಾಯಿಂದ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಎಲ್ಲವನ್ನೂ ಮತ್ತೆ ಅದೇ ಕಾಡಿಗೆ ಬಿಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲಸಿಕೆಯ ಪರಿಣಾಮ ಸುಮಾರು ಶೇ. 95. ಪಂಜರದಲ್ಲಿ ಅಲ್ಲ, ಕಾಡಿನಲ್ಲಿ. ಪಂಜರದ ಪ್ರಾಣಿಗೆ ಒಂದೇ ಸಲ ಜಾಸ್ತಿ ರೋಗಾಣು ಕೊಟ್ಟು ಪರೀಕ್ಷಿಸುತ್ತಾರೆ. ಕಾಡಿನಲ್ಲಿ ಸ್ವಲ್ಪ ಸ್ವಲ್ಪವಾಗಿ, ಸಹಜವಾಗಿ ತಗಲುತ್ತದೆ. ಅಂಥ ಕಡೆ ಲಸಿಕೆ ಇನ್ನೂ ಚೆನ್ನಾಗಿ ನಿಲ್ಲಬಹುದು. ಸಾಮಾನ್ಯವಾಗಿ ಪ್ರಯೋಗಾಲಯದಲ್ಲಿ ಗೆದ್ದಿದ್ದು ಹೊರಗೆ ಸೋಲುತ್ತದೆ. ಇಲ್ಲಿ ಉಲ್ಟಾ ಆಯಿತು.

ಐರ್ಲೆಂಡಿನಲ್ಲಿ ಸಮಸ್ಯೆ ಬ್ಯಾಡ್ಜರ್. ಕಪ್ಪು ಬಿಳಿ ಪಟ್ಟೆಯ ಮುಖ, ಮೋಟು ಕಾಲು, ನೆಲದೊಳಗೆ ತಲೆಮಾರುಗಟ್ಟಲೆ ಬಳಸುವ ದೊಡ್ಡ ಬಿಲ. ಬ್ರಿಟನ್ನಿನಲ್ಲಿ ಟಿಬಿ ಇರುವ ಬ್ಯಾಡ್ಜರ್ ಮೊದಲು ಸಿಕ್ಕಿದ್ದು 1971ರಲ್ಲಿ, ಗ್ಲಾಸ್ಟರ್‌ಶೈರ್‌ನಲ್ಲಿ. ಅಲ್ಲಿಂದ ಇವತ್ತಿನವರೆಗೆ ಅವುಗಳನ್ನು ಕೊಲ್ಲಬೇಕಾ ಬೇಡವಾ ಅಂತ ಜಗಳ ನಿಂತಿಲ್ಲ. ದನ ಕಳೆದುಕೊಂಡ ರೈತರ ಸಂಕಟ ಸುಳ್ಳಲ್ಲ. ಹಾಗಂತ ಕಾಯಿಲೆ ಬಂದಿದ್ದು ಆ ಪ್ರಾಣಿಯ ತಪ್ಪೂ ಅಲ್ಲ. ಲಸಿಕೆ ಇಬ್ಬರ ಪರವಾಗಿಯೂ ನಿಲ್ಲಬಲ್ಲ ದಾರಿ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಅಕ್ಕರೆ.

ಐರ್ಲೆಂಡಿನ ಕಿಲ್ಕೆನಿಯಲ್ಲಿ ಸುಮಾರು 750 ಚದರ ಕಿಲೋಮೀಟರ್ ಜಾಗವನ್ನು ಮೂರು ವಲಯ ಮಾಡಿದರು. ಒಂದು ಕಡೆ ಸಿಕ್ಕ ಎಲ್ಲ ಬ್ಯಾಡ್ಜರ್‌ಗೂ ಲಸಿಕೆ, ಇನ್ನೊಂದು ಕಡೆ ಅರ್ಧಕ್ಕೆ, ಮತ್ತೊಂದು ಕಡೆ ಬರೀ ಲಸಿಕೆಯಿಲ್ಲದ ಕೊಬ್ಬು. ಸುಮಾರು ನಾಲ್ಕು ವರ್ಷ ನಡೆಯಿತು, 2013ರಲ್ಲಿ ಮುಗಿಯಿತು. ಲಸಿಕೆ ಪಡೆದವುಗಳಲ್ಲಿ ಸೋಂಕು ಕಡಿಮೆ ಕಂಡಿತು. ಆದರೆ ಅಲ್ಲಿ ಬ್ಯಾಡ್ಜರ್ ತಾನಾಗಿ ಲಸಿಕೆ ತಿಂದಿರಲಿಲ್ಲ. ಬೋನಿನಲ್ಲಿ ಹಿಡಿದು, ಅರಿವಳಿಕೆ ಕೊಟ್ಟು, ಗಂಟಲಿನ ಹಿಂಭಾಗಕ್ಕೆ ಲಸಿಕೆ ಹಾಕಿದ್ದರು. ಬಾಯಿಯ ದಾರಿ ಕೆಲಸ ಮಾಡುತ್ತದೆ ಅಂತ ಸಾಬೀತಾಯಿತು. ಉಂಡೆ ತಾನಾಗಿ ತಿನ್ನುವ ಮೆಟ್ಟಿಲು ಬಾಕಿ ಉಳಿಯಿತು. ಬ್ಯಾಡ್ಜರ್ ಚೆನ್ನಾಗಿ ಅಗಿದು ತಿನ್ನುವ ಪ್ರಾಣಿ. ಉಂಡೆಯಲ್ಲಿ ಎಷ್ಟು ಭಾಗ ಉದುರುತ್ತದೆ, ಎಷ್ಟು ಒಳಗೆ ಹೋಗುತ್ತದೆ ಅಂತ ಹೇಳುವುದು ಕಷ್ಟ. ಮೇಲಾಗಿ ಬಾಯಿಂದ ಕೊಡುವಾಗ ಚುಚ್ಚುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಿಸಿಜಿ ಬೇಕು. ಅಷ್ಟನ್ನು ತಯಾರಿಸುವ ಖರ್ಚೂ ಇದೆ.

ಸ್ಪೇನಿನವರ ದಾರಿ ಪೂರ್ತಿ ಬೇರೆ, ಜಾಣತನದ್ದು. ಅಲ್ಲಿ ಟಿಬಿ ಹೊತ್ತು ತಿರುಗುವುದು ಕಾಡುಹಂದಿ. ಅವರು ಜೀವಂತ ಬಿಸಿಜಿ ಬಿಟ್ಟು, ಕಾಯಿಸಿ ಕೊಂದ ಮೈಕೋಬ್ಯಾಕ್ಟೀರಿಯಂ ಬೋವಿಸನ್ನೇ ತಿನ್ನಿಸಿ ನೋಡಿದರು. ಸತ್ತ ಬ್ಯಾಕ್ಟೀರಿಯಾ ತಿಂದರೆ ಕರುಳು ಅದನ್ನು ಆಹಾರ ಅಂದುಕೊಂಡು ಸುಮ್ಮನಾಗುತ್ತದೆ ಅಂತ ಪಠ್ಯಪುಸ್ತಕ ಹೇಳುತ್ತದೆ. ಆದರೆ ಹಂದಿಗಳಲ್ಲಿ ರಕ್ಷಣೆ ಕಾಣಿಸಿತು, ಗಂಟುಗಳು ಕಡಿಮೆಯಾದವು. ಮೊದಲ ಸಾಲಿನ ರಕ್ಷಣಾ ಕೋಶಗಳೇ ಇದರಿಂದ ಚುರುಕಾಗುತ್ತವೆ ಅನ್ನುವುದು ಅವರ ವಿವರಣೆ. ಸತ್ತದ್ದು ಹರಡುವ ಭಯವಿಲ್ಲ, ಬಿಸಿಲಿಗೆ ಸಾಯುವ ಪ್ರಶ್ನೆಯೂ ಇಲ್ಲ!

ಅವರ ಉಂಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅರ್ಧ ಚೆಂಡಿನ ಆಕಾರ. ಹಂದಿಮರಿಗಳ ಮೇವು, ಹಿಟ್ಟು, ಸಕ್ಕರೆ, ಹಿಡಿದು ನಿಲ್ಲಿಸಲು ಪ್ಯಾರಾಫಿನ್ ಮೇಣ. ಸೆಳೆಯಲು ದಾಲ್ಚಿನ್ನಿ ಮತ್ತು ಟ್ರಫಲ್ ಅಣಬೆಯ ವಾಸನೆ. ನಡುವೆ ಒಂದು ಗುಳಿ, ಗುಳಿಯಲ್ಲಿ ಲಸಿಕೆ ತುಂಬಿದ ಪುಟ್ಟ ಪ್ಲಾಸ್ಟಿಕ್ ಕುಪ್ಪಿ. ಹಂದಿ ಅಗಿದಾಗ ಕುಪ್ಪಿ ಒಡೆದು ಲಸಿಕೆ ಬಾಯಿಗೆ. ಇನ್ನು ಲಸಿಕೆ ಬೇಕಾಗಿರುವುದು ಮರಿಗಳಿಗೆ, ದೊಡ್ಡವಕ್ಕೆ ಆಗಲೇ ಸೋಂಕು ತಗಲಿರುತ್ತದೆ. ಅದಕ್ಕೆ ಮೇವಿನ ಜಾಗದ ಸುತ್ತ ಕಂಬಿ ಹಾಕಿದರು. ಕಂಬಿಗಳ ನಡುವೆ ಮರಿ ಮಾತ್ರ ನುಗ್ಗುವಷ್ಟು ಸಂದಿ. ದೊಡ್ಡ ಹಂದಿಗಳು ಹೊರಗೇ ನಿಲ್ಲಬೇಕು.

ಇಷ್ಟೆಲ್ಲ ಇದ್ದರೂ ತೊಡಕುಗಳಿವೆ, ಮುಚ್ಚಿಡುವುದು ಸರಿಯಲ್ಲ. ಮುಖ್ಯವಾದದ್ದು ದನಗಳ ಪರೀಕ್ಷೆ. ದನಕ್ಕೆ ಟಿಬಿ ಇದೆಯಾ ಅಂತ ನೋಡಲು ಚರ್ಮಕ್ಕೆ ಟ್ಯೂಬರ್ಕುಲಿನ್ (ಟಿಬಿ ಬ್ಯಾಕ್ಟೀರಿಯಾದಿಂದ ತೆಗೆದ ಸಾರ) ಚುಚ್ಚಿ, ಮೂರು ದಿನ ಬಿಟ್ಟು ಊತ ಅಳೆಯುತ್ತಾರೆ. ಬಿಸಿಜಿ ಪಡೆದ ದನಕ್ಕೂ ಊತ ಬರಬಹುದು. ಕಾಡುಪ್ರಾಣಿಗೆ ಇಟ್ಟ ಉಂಡೆಯನ್ನು ಹಸು ತಿಂದುಬಿಟ್ಟರೆ? ಆರೋಗ್ಯವಾಗಿರುವ ಹಸು ಪರೀಕ್ಷೆಯಲ್ಲಿ ರೋಗಿ ಅನಿಸಿಕೊಂಡು ಕಸಾಯಿಖಾನೆ ಸೇರುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಬಿಳಿಬಾಲದ ಜಿಂಕೆಗಳಲ್ಲಿ ಟಿಬಿ ಇದೆ. ಅವುಗಳಿಗೆ ಬಾಯಿಂದ ಲಸಿಕೆ ಕೊಡುವ ಅಧ್ಯಯನಗಳಲ್ಲಿ ಇದೇ ಚಿಂತೆ ಮತ್ತೆ ಮತ್ತೆ ಬರುತ್ತದೆ. ಲಸಿಕೆ ಪಡೆದ ಜಿಂಕೆಯಿಂದ ಜೊತೆಯಲ್ಲಿದ್ದ, ಲಸಿಕೆ ಪಡೆಯದ ಜಿಂಕೆಗೆ ಬಿಸಿಜಿ ದಾಟಿದ್ದೂ ಕಂಡಿದೆ.

ಇದಕ್ಕೆ ಪರಿಹಾರದ ದಾರಿ ಬಿಸಿಜಿಯ ಒಳಗೇ ಇದೆ. ಆಲೂಗಡ್ಡೆ ಹೋಳಿನ ಮೇಲೆ ಹದಿಮೂರು ವರ್ಷ ಬೆಳೆಯುವಾಗ ಅದು ತನ್ನ ವಂಶವಾಹಿಯ ಒಂದು ತುಂಡನ್ನೇ ಕಳೆದುಕೊಂಡಿತು. ಆ ತುಂಡಿನಲ್ಲಿ ಎರಡು ಪ್ರೋಟೀನುಗಳ ಮಾಹಿತಿ ಇತ್ತು, ಇಸಾಟ್-6 ಮತ್ತು ಸಿಎಫ್‌ಪಿ-10. ನಿಜವಾದ ರೋಗಾಣುವಿನಲ್ಲಿ ಇವೆರಡೂ ಇವೆ, ಬಿಸಿಜಿಯಲ್ಲಿ ಇಲ್ಲ. ಟ್ಯೂಬರ್ಕುಲಿನ್ ಬದಲು ಇವನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ರೋಗ ಬಂದ ದನ ಯಾವುದು, ಲಸಿಕೆ ಪಡೆದ ದನ ಯಾವುದು ಅಂತ ಬೇರೆ ಮಾಡಬಹುದು. ನಿಯಮಗಳು ಅದಕ್ಕೆ ಹೊಂದಿಕೊಂಡ ದಿನ ದನಗಳಿಗೂ ಲಸಿಕೆ ಕೊಡುವ ಬಾಗಿಲು ತೆರೆಯುತ್ತದೆ. ಬಾಯಿಂದ ಕೊಟ್ಟ ಬಿಸಿಜಿ ದನಗಳಿಗೂ ರಕ್ಷಣೆ ಕೊಡುತ್ತದೆ ಅಂತ ನ್ಯೂಜಿಲೆಂಡಿನ ಅಧ್ಯಯನಗಳು ಆಗಲೇ ತೋರಿಸಿವೆ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: "ಹಾಗಾದರೆ ಮನುಷ್ಯರಿಗೂ ಮತ್ತೆ ಬಾಯಿಂದ ಕೊಡಬಹುದಲ್ಲವೇ?" ಪ್ರಾಣಿಗಳಲ್ಲಿ ಆಗಿದ್ದು ಮನುಷ್ಯರಲ್ಲೂ ಆಗುತ್ತದೆ ಅಂತ ಹೇಳಿಬಿಡುವುದು ತಪ್ಪಾಗುತ್ತದೆ. ಸ್ವಯಂಸೇವಕರ ಮೇಲೆ ಅಧ್ಯಯನಗಳು ನಡೆದಿವೆ. ಬಾಯಿಂದ ಕೊಟ್ಟಾಗ ಒಳಪೊರೆಗಳಲ್ಲಿ, ಅಂದರೆ ಶ್ವಾಸನಾಳದಂಥ ಕಡೆ, ಪ್ರತಿಕ್ರಿಯೆ ಚೆನ್ನಾಗಿರುತ್ತದೆ. ಚುಚ್ಚಿದಾಗ ರಕ್ತದಲ್ಲಿ ಚೆನ್ನಾಗಿರುತ್ತದೆ. ಎರಡನ್ನೂ ಸೇರಿಸಿ ಕೊಡುವ ಯೋಚನೆ ಅಲ್ಲಿಂದ ಬಂದಿದೆ.

ಇನ್ನೊಬ್ಬರ ಪ್ರಶ್ನೆ: "ಉಂಡೆಯನ್ನು ನಮ್ಮ ಮಕ್ಕಳು ಎತ್ತಿ ಬಾಯಿಗೆ ಹಾಕಿಕೊಂಡರೆ?" ಬಿಸಿಜಿಯನ್ನು ವರ್ಷಕ್ಕೆ ಸುಮಾರು 10 ಕೋಟಿ ಹಸುಗೂಸುಗಳಿಗೆ ಕೊಡುತ್ತಾರೆ, ಆರೋಗ್ಯವಂತ ಮಗುವಿಗೆ ಭಯ ಕಡಿಮೆ. ಆದರೆ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಜೀವಂತ ಬಿಸಿಜಿ ಅಪಾಯ. ಅದಕ್ಕೇ ಉಂಡೆಯನ್ನು ಜನ ಓಡಾಡುವ ಕಡೆ ಇಡಬಾರದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿಯದ್ದು. "ಮರಿಗಳ ಕತೆ ಏನು? ಬಿಲದೊಳಗಿನ ಮರಿ ಹೊರಗೆ ಬಂದು ಉಂಡೆ ತಿನ್ನುವುದಿಲ್ಲವಲ್ಲ?"

ಬಹಳ ಒಳ್ಳೆಯ ಪ್ರಶ್ನೆ. ಬ್ಯಾಡ್ಜರ್ ಮರಿಗಳು ಹೆಚ್ಚಾಗಿ ಫೆಬ್ರವರಿಯಲ್ಲಿ ಹುಟ್ಟುತ್ತವೆ. ಸುಮಾರು ಎರಡು ತಿಂಗಳು ಬಿಲದೊಳಗೇ ಇರುತ್ತವೆ. ಗಾಳಿ ಆಡದ ಆ ಜಾಗದಲ್ಲಿ ತಾಯಿಗೆ ಟಿಬಿ ಇದ್ದರೆ, ಮರಿ ಬೆಳಕು ನೋಡುವ ಮೊದಲೇ ಸೋಂಕು ತಗಲಿರಬಹುದು. ಅಲ್ಲಿಗೆ ಯಾವ ಲಸಿಕೆಯೂ ತಲುಪುವುದಿಲ್ಲ. ಆದರೆ ಗ್ಲಾಸ್ಟರ್‌ಶೈರ್‌ನಲ್ಲಿ ಬ್ಯಾಡ್ಜರ್‌ಗಳಿಗೆ ಬಿಸಿಜಿ ಚುಚ್ಚಿ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬ್ಯಾಡ್ಜರ್‌ಗಳಿಗೆ ಲಸಿಕೆ ಆಗಿದ್ದಾಗ, ಆ ಗುಂಪಿನಲ್ಲಿ ಲಸಿಕೆ ಪಡೆಯದ ಮರಿಗಳಿಗೆ ಸೋಂಕು ತಗಲುವ ಸಾಧ್ಯತೆ ಶೇ. 79ರಷ್ಟು ಕಡಿಮೆಯಾಗಿತ್ತು. ಆ ಮರಿಗಳಿಗೆ ಯಾರೂ ಲಸಿಕೆ ಚುಚ್ಚಿರಲಿಲ್ಲ. ಅವುಗಳ ಪಕ್ಕದಲ್ಲಿ ಮಲಗುತ್ತಿದ್ದ ದೊಡ್ಡ ಬ್ಯಾಡ್ಜರ್‌ಗಳಿಗೆ ಲಸಿಕೆ ಆಗಿತ್ತು.